ಮಾತ್ರೆ ಅಗ್ಗ, ದಾರಿ ದುಬಾರಿ

ದೇಹವನ್ನು ತನ್ನ ಲಿಂಗತ್ವಕ್ಕೆ ಹೊಂದಿಸಿಕೊಳ್ಳಲು ಎಷ್ಟು ದುಡ್ಡು ಬೇಕಾದೀತು ಎಂದು ಯಾರನ್ನಾದರೂ ಕೇಳಿ ನೋಡಿ, ಲಕ್ಷಗಳಲ್ಲಿ ಉತ್ತರ ಬರುತ್ತದೆ. ಅವರ ತಲೆಯಲ್ಲಿರುವುದು ಆಪರೇಷನ್. ಆದರೆ ಈ ದಾರಿ ಹಿಡಿದ ಹೆಚ್ಚಿನವರಿಗೆ ಮೊದಲು ಎದುರಾಗುವುದೂ ಕೊನೆಯವರೆಗೆ ಜತೆಗಿರುವುದೂ ಹಾರ್ಮೋನು. ಅದರ ಬೆಲೆ ಲಕ್ಷದಲ್ಲಿಲ್ಲ. ಟ್ರಾನ್ಸ್ ಮಹಿಳೆಯರಿಗೆ ನಮ್ಮಲ್ಲಿ ಸಾಮಾನ್ಯವಾಗಿ ಬರೆದುಕೊಡುವ ಎರಡು ಮಾತ್ರೆಗಳಲ್ಲಿ ಒಂದಾದ ಸ್ಪೈರೊನೊಲ್ಯಾಕ್ಟೋನ್, ಬಿಪಿಗೆ, ಹೃದಯದ ಕಾಯಿಲೆಗೆ ದಶಕಗಳಿಂದ ಕೊಡುತ್ತ ಬಂದಿರುವ ಹಳೇ ಮಾತ್ರೆ. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿರುವುದರಿಂದ ಅದರ ಬೆಲೆಗೆ ಸರ್ಕಾರದ ಮಿತಿಯೂ ಇದೆ. ಇನ್ನೊಂದು ಈಸ್ಟ್ರಾಡಯೋಲ್ ವ್ಯಾಲರೇಟ್, ಮುಟ್ಟು ನಿಂತ ಹೆಂಗಸರ ತೊಂದರೆಗಳಿಗೆ ಕೊಡುವಂಥದ್ದು. ಟ್ರಾನ್ಸ್ ಪುರುಷರು ತೆಗೆದುಕೊಳ್ಳುವ ಟೆಸ್ಟೋಸ್ಟೆರಾನ್ ಚುಚ್ಚುಮದ್ದು ಕೂಡ ಹೊಸದೇನಲ್ಲ. ಇವುಗಳ ಪೇಟೆಂಟ್ ಮುಗಿದು ಯಾವ ಕಾಲವಾಯಿತೋ.

ಹಾಗಿದ್ದೂ ದುಡ್ಡಿಲ್ಲದೆ ಹಾರ್ಮೋನನ್ನು ನಡುವೆಯೇ ಬಿಟ್ಟವರು, ಕೆಲವು ತಿಂಗಳು ತೆಗೆದುಕೊಂಡು ಕೆಲವು ತಿಂಗಳು ಬಿಟ್ಟು ಮತ್ತೆ ಶುರು ಮಾಡಿದವರು, ಕೇಳಿಯೇ ಹೆದರಿ ಹಿಂದೆ ಸರಿದವರು ಎಲ್ಲ ಊರುಗಳಲ್ಲೂ ಸಿಗುತ್ತಾರೆ. ದುಡ್ಡು ಎಲ್ಲಿ ಸೋರುತ್ತದೆ ಎಂಬ ಲೆಕ್ಕವನ್ನೇ ಯಾರೂ ಸರಿಯಾಗಿ ಹಾಕಿಲ್ಲ. ಸರ್ಕಾರವಂತೂ ಹಾಕಿಯೇ ಇಲ್ಲ.

ಚಿಕಿತ್ಸೆ ಏನೆಂದು ಮೊದಲು ಸ್ವಲ್ಪ ಹೇಳಬೇಕು. ಹುಟ್ಟಿದಾಗ ಗಂಡೆಂದು ಬರೆಸಿಕೊಂಡು ಹೆಣ್ಣಾಗಿ ಬದುಕುವ ಟ್ರಾನ್ಸ್ ಮಹಿಳೆಯ ದೇಹದಲ್ಲಿ ಟೆಸ್ಟೋಸ್ಟೆರಾನ್ ತಗ್ಗಬೇಕು, ಈಸ್ಟ್ರೋಜನ್ ಏರಬೇಕು. ಮೂರರಿಂದ ಆರು ತಿಂಗಳಲ್ಲಿ ಚರ್ಮ ಮೆದುವಾಗುತ್ತದೆ, ಎದೆ ಮೂಡತೊಡಗುತ್ತದೆ. ಪೂರ್ತಿ ಬದಲಾವಣೆಗೆ ಎರಡು ಮೂರು ವರ್ಷ ಬೇಕು. ಗಡ್ಡ ಮಾತ್ರ ಹೋಗುವುದಿಲ್ಲ, ದನಿಯೂ ಬದಲಾಗುವುದಿಲ್ಲ. ಟ್ರಾನ್ಸ್ ಪುರುಷರಿಗೆ ಸಾಮಾನ್ಯವಾಗಿ ಟೆಸ್ಟೋಸ್ಟೆರಾನ್ ಒಂದೇ ಸಾಕು. ಕೆಲವು ತಿಂಗಳಲ್ಲಿ ಮುಟ್ಟು ನಿಲ್ಲುತ್ತದೆ, ದನಿ ಒಡೆಯುತ್ತದೆ, ಮೀಸೆ ಚಿಗುರುತ್ತದೆ. ಔಷಧಿ ಬಿಟ್ಟರೆ ಮುಟ್ಟು ಮರಳುತ್ತದೆ, ಒಡೆದ ದನಿ ಮರಳುವುದಿಲ್ಲ. ಅಂದರೆ ಇದು ಕೋರ್ಸ್ ಮುಗಿಸಿ ಕೈತೊಳೆದುಕೊಳ್ಳುವ ಔಷಧಿಯಲ್ಲ. ಬಿಪಿ, ಶುಗರ್ ಮಾತ್ರೆಯಂತೆ ತಿಂಗಳು ತಿಂಗಳು, ವರ್ಷ ವರ್ಷ ನಡೆಯುವಂಥದ್ದು. ಎಲ್ಲರಿಗೂ ಇದು ಬೇಕೆಂದೇನೂ ಇಲ್ಲ. ಸವದತ್ತಿ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಜೋಗತಿಯರಲ್ಲಿ ಅನೇಕರು ದೇಹಕ್ಕೆ ಯಾವ ಔಷಧಿಯನ್ನೂ ಸೋಕಿಸದೆ ಬಾಳಿದವರು. ಬೇಕೆನ್ನುವವರ ಮಾತು ಇಲ್ಲಿಯದು.

ಹುಬ್ಬಳ್ಳಿಯ ಮೆಡಿಕಲ್ ಶಾಪೊಂದರ ಮುಂದೆ ನನ್ನ ಚೀಟಿ ಹಿಡಿದು ನಿಂತಿದ್ದಾಗ ಪಕ್ಕದಲ್ಲಿ ಒಬ್ಬಾಕೆ ಬಂದು ನಿಂತರು. ಕೈತುಂಬ ಹಸಿರು ಬಳೆ, ಸೆರಗಿನ ತುದಿಯಲ್ಲಿ ಗಂಟು ಕಟ್ಟಿದ ಚಿಲ್ಲರೆ ನೋಟು. ‘ಅಣ್ಣಾರ, ಏಳ ಗುಳಿಗಿ ಕೊಡ್ರಿ. ಮುಂದಿನ ವಾರ ಮತ್ತ ಒಯ್ತೀನಿ’ ಎಂದರು. ಅಂಗಡಿಯವ ಪಟ್ಟಿ ಹೊರಗೆ ತೆಗೆದ. 28 ಮಾತ್ರೆಯ ಪಟ್ಟಿ. ‘ಕತ್ತರಿಸಿದ್ರ ಉಳಿದದ್ದ ಯಾರ ಒಯ್ತಾರ ಅಕ್ಕಾ? ಇದನ್ನ ಕೇಳಾವ್ರ ನೀವ ಒಬ್ರ’ ಎಂದು ಗೊಣಗಿದ. ಗೊಣಗಿದರೂ ಕತ್ತರಿ ತೆಗೆದು ಏಳು ಮಾತ್ರೆ ಕತ್ತರಿಸಿ ಕೊಟ್ಟ, ಉಳಿದದ್ದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಪೆನ್ನಿನಲ್ಲಿ ಏನೋ ಬರೆದು ಗಲ್ಲಾಪೆಟ್ಟಿಗೆಯ ಪಕ್ಕದ ಡ್ರಾಯರಿಗೆ ಹಾಕಿದ. ಆ ವಾರದ ಗಳಿಕೆ ಆ ವಾರದ ಮಾತ್ರೆಗೆ. ಮಳೆ ಜೋರಾಗಿ ಅಂಗಡಿ ಸಾಲಿನಲ್ಲಿ ಕೈಯೊಡ್ಡಲು ಹೋಗಲಾಗದ ವಾರ ಬಂದರೆ ಡ್ರಾಯರಿನ ಪಟ್ಟಿ ಅಲ್ಲೇ ಉಳಿಯುತ್ತದೆ.

ಇಷ್ಟಾದರೂ ಅವರು ಅದೃಷ್ಟವಂತರು, ಅವರ ಕೈಯಲ್ಲಿ ಚೀಟಿ ಇತ್ತು. ಆ ಚೀಟಿ ಸಿಗುವ ಮುಂಚಿನ ಖರ್ಚೇ ಬೇರೆ. ನಮ್ಮಲ್ಲಿ ಹಾರ್ಮೋನು ಶುರು ಮಾಡುವ ಮುನ್ನ ಸಾಮಾನ್ಯವಾಗಿ ಮನೋವೈದ್ಯರ ಪತ್ರ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಹುಟ್ಟಿದಾಗ ಬರೆಸಿದ ಲಿಂಗಕ್ಕೂ ತನ್ನ ಲಿಂಗತ್ವಕ್ಕೂ ಹೊಂದಿಕೆಯಾಗದಿರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಹಾಕಿದೆ, 2022ರಿಂದ ಆ ಆವೃತ್ತಿ ಜಾರಿಯಲ್ಲಿದೆ. ಪತ್ರ ಕೇಳುವುದು ಮಾತ್ರ ನಿಂತಿಲ್ಲ. ಖಾಸಗಿಯಲ್ಲಿ ಒಂದೊಂದು ಭೇಟಿಗೂ ಫೀಸು, ಕೆಲವರು ಮೂರ್ನಾಲ್ಕು ಸಲ ಕರೆಸುತ್ತಾರೆ. ಆಮೇಲೆ ಹಾರ್ಮೋನು ತಜ್ಞರು. ಎಂಡೋಕ್ರೈನಾಲಜಿಸ್ಟ್ ಎಂಬ ಬೋರ್ಡು ಕಾಣಬೇಕಾದರೆ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯಂಥ ಊರಿಗೇ ಹೋಗಬೇಕು. ಅಲ್ಲಿಂದ ಲ್ಯಾಬು. ರಕ್ತ ಪರೀಕ್ಷೆಯನ್ನು ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ ಮಾಡಿಸಿ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಟೆಸ್ಟೋಸ್ಟೆರಾನ್, ಈಸ್ಟ್ರಾಡಯೋಲ್, ಪ್ರೊಲ್ಯಾಕ್ಟಿನ್ ಎಂದು ಲ್ಯಾಬಿನ ಬಿಲ್ಲು ಬೆಳೆದಾಗ ಒಂದು ಸಲದ ಪರೀಕ್ಷೆಯ ದುಡ್ಡಿನಲ್ಲಿ ತಿಂಗಳುಗಟ್ಟಲೆ ಮಾತ್ರೆ ಬರುತ್ತಿತ್ತಲ್ಲ ಅನಿಸುವುದು ಸಹಜ. ಪರೀಕ್ಷೆಯನ್ನೇ ಬಿಟ್ಟುಬಿಡುವವರು ಹುಟ್ಟುವುದು ಆ ಕ್ಷಣದಲ್ಲಿ.

ಬಸ್ಸಿನ ಖರ್ಚನ್ನು ಮಾತ್ರ ಶಕ್ತಿ ಯೋಜನೆ ಅಳಿಸಿಹಾಕಿದೆ. 2023ರ ಜೂನ್‌ನಲ್ಲಿ ಶುರುವಾದಾಗ ಹೆಂಗಸರ ಜತೆ ಲಿಂಗತ್ವ ಅಲ್ಪಸಂಖ್ಯಾತರನ್ನೂ ಅದರಲ್ಲಿ ಸೇರಿಸಿದ್ದರು. ಕೊಪ್ಪಳದಿಂದ ಹುಬ್ಬಳ್ಳಿಗೆ ಟಿಕೆಟ್ ದುಡ್ಡಿಲ್ಲದೆ ಹೋಗಿಬರಬಹುದು. ಈ ಚಿಕಿತ್ಸೆಗೆ ಕರ್ನಾಟಕ ಸರ್ಕಾರ ಕೊಟ್ಟಿರುವ ಅತ್ಯಂತ ಕೆಲಸಕ್ಕೆ ಬರುವ ನೆರವು ಪ್ರಾಯಶಃ ಸಾರಿಗೆ ಇಲಾಖೆಯದು, ಆರೋಗ್ಯ ಇಲಾಖೆಯದಲ್ಲ! ಆದರೆ ಆ ದಿನದ ದುಡಿಮೆ ಹೋದದ್ದು ಹೋಯಿತು, ಅದನ್ನು ಯಾರೂ ತುಂಬಿಕೊಡುವುದಿಲ್ಲ.

ದಾರಿ ದುಬಾರಿಯಾದಾಗ ಜನ ಒಳದಾರಿ ಹುಡುಕುತ್ತಾರೆ. ಎಲ್ಲಕ್ಕಿಂತ ಅಗ್ಗದ ಒಳದಾರಿ ಮಾಲಾ-ಡಿ. ಅದರ ಸರ್ಕಾರಿ ರೂಪವಾದ ಮಾಲಾ-ಎನ್ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಗರ್ಭನಿರೋಧಕ ಮಾತ್ರೆಯಲ್ಲಿ ಹೆಣ್ಣು ಹಾರ್ಮೋನು ಇದೆಯಲ್ಲ, ದಿನಕ್ಕೆ ಒಂದರ ಬದಲು ನಾಲ್ಕು ನುಂಗಿದರೆ ಆಯಿತು ಎಂಬ ತರ್ಕ ಬಾಯಿಂದ ಬಾಯಿಗೆ ಹಬ್ಬಿದೆ. ಹಾರ್ಮೋನು ಇರುವುದು ನಿಜ. ಆದರೆ ಅದು ಎಥಿನೈಲ್ ಈಸ್ಟ್ರಾಡಯೋಲ್ ಎಂಬ ಕೃತಕ ಬಗೆ, ಯಕೃತ್ತಿನಲ್ಲಿ ಬೇಗ ಕರಗದೆ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಏರಿಸುವಂಥದ್ದು. ಹಿಂದೆ ಯುರೋಪಿನಲ್ಲೂ ಟ್ರಾನ್ಸ್ ಮಹಿಳೆಯರಿಗೆ ಇದನ್ನೇ ಕೊಡುತ್ತಿದ್ದರು. ಆಮ್‌ಸ್ಟರ್‌ಡ್ಯಾಮಿನ ವೈದ್ಯರು 1980, 90ರ ದಶಕಗಳಲ್ಲಿ ತಮ್ಮಲ್ಲಿಗೆ ಬರುತ್ತಿದ್ದವರ ದಾಖಲೆ ಪರಿಶೀಲಿಸಿದಾಗ ಕಾಲಿನ ರಕ್ತನಾಳದಲ್ಲಿ, ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದ ಪ್ರಕರಣಗಳು ಸಾಮಾನ್ಯ ಜನರಿಗಿಂತ ಹತ್ತಾರು ಪಟ್ಟು ಹೆಚ್ಚಿರುವುದು ಕಂಡು ಆ ಔಷಧಿಯನ್ನು ಕೈಬಿಟ್ಟರು. ಬೀಡಿ ಸಿಗರೇಟಿನ ಅಭ್ಯಾಸ ಜತೆಗಿದ್ದರೆ ಅಪಾಯ ಇನ್ನೂ ಏರುತ್ತದೆ. ಇನ್ನೊಂದು ಎಡವಟ್ಟು: ಈ ಕೃತಕ ಹಾರ್ಮೋನು ಮಾಮೂಲಿ ಈಸ್ಟ್ರಾಡಯೋಲ್ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ. ಎಷ್ಟು ನುಂಗಿದರೂ ರಿಪೋರ್ಟಿನಲ್ಲಿ ಕಡಿಮೆ ಎಂದೇ ಬರುತ್ತದೆ, ನೋಡಿದವರು ಇನ್ನೂ ಒಂದು ಮಾತ್ರೆ ಸೇರಿಸುತ್ತಾರೆ. ಅದೇ ಮಾತ್ರೆಯಲ್ಲಿರುವ ಎರಡನೆಯ ಔಷಧಿ ಲೆವೊನಾರ್ಜೆಸ್ಟ್ರೆಲ್‌ಗೆ ತುಸು ಗಂಡು ಹಾರ್ಮೋನಿನ ಗುಣವಿದೆ ಎಂಬುದು ಇದರ ಮೇಲಿನ ವ್ಯಂಗ್ಯ.

ಟ್ರಾನ್ಸ್ ಪುರುಷರ ಒಳದಾರಿ ಜಿಮ್‌ನಿಂದ ಹೋಗುತ್ತದೆ. ಮೈಕಟ್ಟು ಬೆಳೆಸುವವರು ಬಳಸುವ ಸಸ್ಟನಾನ್, ಟೆಸ್ಟೊವಿರಾನ್‌ಗಳೇ ಇವರಿಗೂ ಬೇಕಾದ ಚುಚ್ಚುಮದ್ದು. ಚೀಟಿ ಇಲ್ಲದೆ ಕೊಡಬಾರದ ಔಷಧಿ ಜಿಮ್ ಗೆಳೆಯರ ಕೈಯಲ್ಲಿ ಸಿಗುತ್ತದೆ. ಅದರಲ್ಲಿ ಅಸಲಿ ಎಷ್ಟು, ನಕಲಿ ಎಷ್ಟು ಎಂಬುದು ಚುಚ್ಚಿಸಿಕೊಂಡವರಿಗೂ ಗೊತ್ತಿರುವುದಿಲ್ಲ. ಎರಡು ಮೂರು ವಾರಕ್ಕೊಮ್ಮೆ ಬೇಕಾಗುವ ಈ ಇಂಜೆಕ್ಷನ್ ಒಂದಕ್ಕೆ ಕೆಲವು ನೂರು ರೂಪಾಯಿ. ಮೂರು ತಿಂಗಳು ಬಾಳುವ ಡಿಪೊ ಇಂಜೆಕ್ಷನ್ನಿಗೆ ಸಾವಿರಗಳಲ್ಲಿ ಬೆಲೆ. ಒಟ್ಟು ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವಿರದಿದ್ದರೂ ಅಷ್ಟು ದುಡ್ಡು ಒಂದೇ ಸಲ ಯಾರ ಕೈಲಿರುತ್ತದೆ? ದುಡ್ಡು ಉಳಿಸಲು ಒಂದು ಆಂಪೂಲನ್ನು ಇಬ್ಬರು ಹಂಚಿಕೊಳ್ಳುವುದುಂಟು. ಒಡೆದ ಆಂಪೂಲನ್ನು ನಾಳೆಗೆ ಇಡುವಂತಿಲ್ಲ, ಸಿರಿಂಜು ಒಂದೇ ಆದರಂತೂ ದುಡ್ಡಿನ ಮಾತು ಮುಗಿದು ಎಚ್‌ಐವಿ, ಹೆಪಟೈಟಿಸ್ ಮಾತು ಶುರುವಾಗುತ್ತದೆ. ಹಿಜಡಾ ಮನೆಗಳಲ್ಲಿ ಗುರು-ಚೇಲಾ ಸಂಬಂಧವಾದರೂ ಇದೆ, ಕಷ್ಟಕ್ಕೆ ಗುರು ಸಾಲ ಕೊಟ್ಟಾಳು. ತಂದೆತಾಯಿ ಮನೆಯಲ್ಲೇ ಗುಟ್ಟಾಗಿ ದಿನ ನೂಕುವ ಟ್ರಾನ್ಸ್ ಹುಡುಗನಿಗೆ ಅಂಥ ಆಸರೆಯೂ ಇಲ್ಲ. ಕ್ಲಿನಿಕ್ಕಿಗೆ ಹೋದರೆ ಚುಚ್ಚುವ ನರ್ಸಮ್ಮ ಚೀಟಿ ನೋಡಿ, ‘ಯಾಕಮ್ಮಾ, ಗಂಡಸರ ಇಂಜೆಕ್ಷನ್ ನಿನಗ್ಯಾಕೆ?’ ಎಂದು ನಾಲ್ಕು ಜನರ ಮುಂದೆ ಕೇಳುತ್ತಾರೆ. ಮುಂದಿನ ಸಲ ಆತ ಜಿಮ್ ಗೆಳೆಯನ ಕೈಯಲ್ಲೇ ಚುಚ್ಚಿಸಿಕೊಳ್ಳುತ್ತಾನೆ.

ಸ್ಪೈರೊನೊಲ್ಯಾಕ್ಟೋನ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾದ ಒಂದು ಸಂಗತಿಯಿದೆ. ಅದು ಮೂತ್ರ ಹೆಚ್ಚಿಸುವ ಮಾತ್ರೆ. ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ ಅದೊಂದು ಸಣ್ಣ ಕಿರಿಕಿರಿ. ಬೆಳಗಿನಿಂದ ಸಂಜೆವರೆಗೆ ಸಿಗ್ನಲ್ಲಿನಲ್ಲಿ, ಟೋಲ್‌ಗೇಟಿನಲ್ಲಿ ನಿಲ್ಲುವವರು ಎಲ್ಲಿಗೆ ಹೋಗಬೇಕು? ಗಂಡಸರ ಶೌಚಾಲಯಕ್ಕೆ ಹೋದರೆ ಕೈ ಹಾಕುತ್ತಾರೆ, ಹೆಂಗಸರದಕ್ಕೆ ಹೋದರೆ ಕಿರುಚುತ್ತಾರೆ. ಅದಕ್ಕೇ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಇಲ್ಲವೇ ದುಡಿಮೆಯ ದಿನ ಮಾತ್ರೆ ತಪ್ಪಿಸುತ್ತಾರೆ. ಬಿಸಿಲಲ್ಲಿ ನೀರು ಕುಡಿಯದೆ ಈ ಮಾತ್ರೆ ನುಂಗುವುದು ಮೂತ್ರಪಿಂಡಕ್ಕೆ ಒಳ್ಳೆಯದಲ್ಲ. ಜತೆಗೆ ಇದು ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತದೆ, ವಿಪರೀತ ಏರಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. ದಣಿವಾಯಿತೆಂದು ಮೇಲಿಂದ ಮೇಲೆ ಎಳನೀರು ಕುಡಿಯುವುದು ಈ ಮಾತ್ರೆ ನುಂಗುವವರಿಗೆ ಹೇಳಿಸಿದ್ದಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ. ಇದನ್ನು ಹೇಳಲು ವೈದ್ಯರಿಗೆ ಅರ್ಧ ನಿಮಿಷ ಸಾಕು. ಔಷಧಿಯನ್ನು ಕದ್ದುಮುಚ್ಚಿ ಕೊಳ್ಳುವವರಿಗೆ ಆ ಅರ್ಧ ನಿಮಿಷ ಸಿಗುವುದಿಲ್ಲ.

ಹಾಗಾದರೆ ಕಡಿಮೆ ದುಡ್ಡಿನಲ್ಲಿ ಇದನ್ನು ಕ್ಷೇಮವಾಗಿ ನಡೆಸಲು ಬರುವುದಿಲ್ಲವೇ? ಬರುತ್ತದೆ. ಗಮನಿಸಬೇಕಾದ್ದು ಏನೆಂದರೆ, ಜೀವಕ್ಕೆ ಅತಿ ಮುಖ್ಯವಾದ ಪರೀಕ್ಷೆಗಳೇ ಅಗ್ಗದ ಪರೀಕ್ಷೆಗಳು. ಸ್ಪೈರೊನೊಲ್ಯಾಕ್ಟೋನ್ ನುಂಗುವವರಿಗೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಲೇಬೇಕು. ಟೆಸ್ಟೋಸ್ಟೆರಾನ್ ರಕ್ತವನ್ನು ಗಟ್ಟಿ ಮಾಡುವುದರಿಂದ ಅದನ್ನು ತೆಗೆದುಕೊಳ್ಳುವವರಿಗೆ ಹಿಮೋಗ್ಲೋಬಿನ್, ಹೆಮಟೊಕ್ರಿಟ್. ಜತೆಗೆ ಬಿಪಿ, ಶುಗರ್, ಕೊಲೆಸ್ಟರಾಲ್. ಇವೆಲ್ಲ ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ದಿನವೂ ನಡೆಯುವ ಪರೀಕ್ಷೆಗಳು. ಜೇಬು ಸುಡುವ ಹಾರ್ಮೋನು ಪರೀಕ್ಷೆಯನ್ನು ಯಾವಾಗ ಮಾಡಿಸಬೇಕು, ಯಾವುದನ್ನು ಮುಂದೂಡಬಹುದು ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಬೇಕು. ‘ಡಾಕ್ಟ್ರೇ, ನನ್ನ ಹತ್ರ ಇಷ್ಟೇ ದುಡ್ಡಿರೋದು, ಇದರಲ್ಲಿ ಯಾವುದು ಮಾಡಿಸಲೇಬೇಕು?’ ಎಂದು ಕೇಳಿದರೆ ಒಳ್ಳೆಯ ವೈದ್ಯರು ಪಟ್ಟಿಯನ್ನು ಅರ್ಧ ಮಾಡುತ್ತಾರೆ. ಮನೋವೈದ್ಯರ ಪತ್ರಕ್ಕೆ ಖಾಸಗಿಗಿಂತ ನಿಮ್ಹಾನ್ಸ್, ಸರ್ಕಾರಿ ವೈದ್ಯಕೀಯ ಕಾಲೇಜುಗಳ ಓಪಿಡಿ ಎಷ್ಟೋ ವಾಸಿ, ಕಾಯುವ ತಾಳ್ಮೆ ಇರಬೇಕಷ್ಟೆ. ಜೆಲ್, ಪ್ಯಾಚುಗಳು ಚೆನ್ನಾಗಿವೆ, ಹೆಪ್ಪುಗಟ್ಟುವ ಭಯವೂ ಕಡಿಮೆ, ಬೆಲೆ ಮಾತ್ರ ಹೆಚ್ಚು. ವಯಸ್ಸು ಚಿಕ್ಕದಾಗಿ, ಬೇರೆ ತೊಂದರೆಯಿಲ್ಲದವರಿಗೆ ಈಸ್ಟ್ರಾಡಯೋಲ್ ಮಾತ್ರೆಯೇ ನಡೆಯುತ್ತದೆ. ಇನ್ನು ಡೋಸು ಹೆಚ್ಚಿಸಿದರೆ ಬೇಗ ಹೆಣ್ಣಾಗುತ್ತೇನೆ, ಬೇಗ ಮೀಸೆ ಬರುತ್ತದೆ ಎಂಬ ನಂಬಿಕೆಗೆ ಸುರಿದ ದುಡ್ಡೆಲ್ಲ ನೀರುಪಾಲು. ದೇಹಕ್ಕೆ ಅದರದೇ ಗತಿ.

ವೃಷಣ ತೆಗೆಸಿಕೊಂಡವರಿಗೆ ಟೆಸ್ಟೋಸ್ಟೆರಾನ್ ತಗ್ಗಿಸುವ ಮಾತ್ರೆ ಬೇಕಿಲ್ಲ, ಅಷ್ಟು ಖರ್ಚು ಶಾಶ್ವತವಾಗಿ ಉಳಿಯುತ್ತದೆ. ಆದರೆ ಈಸ್ಟ್ರೋಜನ್ ನಿಲ್ಲಿಸುವಂತಿಲ್ಲ. ಎರಡೂ ಹಾರ್ಮೋನುಗಳಿಲ್ಲದ ದೇಹದಲ್ಲಿ ಮೂಳೆ ಸವೆಯುತ್ತದೆ. ಹಿಂದಿನ ತಲೆಮಾರಿನವರಲ್ಲಿ ನಿರ್ವಾಣ ಎಂದು ಸಮುದಾಯ ಕರೆಯುವ ಈ ಆಪರೇಷನ್ ಮಾಡಿಸಿಕೊಂಡು, ಆಮೇಲೆ ಹಾರ್ಮೋನು ಎಂಬ ಹೆಸರನ್ನೇ ಕೇಳದೆ ಬಾಳಿದವರು ಬೇಕಾದಷ್ಟಿದ್ದಾರೆ. ವಯಸ್ಸಾದ ಮೇಲೆ ಸೊಂಟ ನೋವು, ಬಿದ್ದರೆ ಮುರಿತ ಎಂದು ಅವರು ಮೂಳೆ ಡಾಕ್ಟರ ಬಳಿ ಹೋದರೆ ಕ್ಯಾಲ್ಸಿಯಂ ಬರೆದುಕೊಟ್ಟು ಕಳಿಸುವುದೇ ಹೆಚ್ಚು. ಆಪರೇಷನ್ನಿಗೆ ಕೂಡಿಟ್ಟ ದುಡ್ಡೆಲ್ಲ ಮುಗಿದು ಮಾತ್ರೆಗೆ ಗತಿಯಿಲ್ಲದವರದೂ ಇದೇ ಪಾಡು.

ಸರ್ಕಾರದ ಲೆಕ್ಕ ದಾರಿ ತಪ್ಪಿರುವುದು ಇಲ್ಲೇ. 2014ರ ಏಪ್ರಿಲ್‌ನಲ್ಲಿ ನಾಲ್ಸಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಲಿಂಗತ್ವ ಗುರುತಿನ ಹಕ್ಕನ್ನು ಎತ್ತಿಹಿಡಿಯಿತು. 2017ರಲ್ಲಿ ಕರ್ನಾಟಕ ತನ್ನದೇ ನೀತಿ ತಂದಿತು. 2019ರಲ್ಲಿ ಸಂಸತ್ತು ಮಾಡಿದ ಕಾಯಿದೆಯ 15ನೇ ಕಲಮು, ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆಯ ಜತೆಗೆ ಹಾರ್ಮೋನು ಚಿಕಿತ್ಸೆಯನ್ನೂ ಸರ್ಕಾರ ಒದಗಿಸಬೇಕು, ಅದರ ವೆಚ್ಚವನ್ನು ವಿಮೆಯಡಿ ತರಬೇಕು ಎಂದು ಬರೆಯಿತು. 2022ರ ಆಗಸ್ಟ್‌ನಲ್ಲಿ ಕೇಂದ್ರ ‘ಆಯುಷ್ಮಾನ್ ಭಾರತ್ ಟಿಜಿ ಪ್ಲಸ್’ ಘೋಷಿಸಿತು. ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ. ಕೇಳಲು ಭರ್ಜರಿ. ಆದರೆ ಆಯುಷ್ಮಾನ್ ಭಾರತದ ಮೂಲ ಕಟ್ಟೋಣವೇ ಆಸ್ಪತ್ರೆಗೆ ದಾಖಲಾದವರ ಖರ್ಚು ಕೊಡುವುದು. ಬಿಡುಗಡೆಯಾದ ಮೇಲೆ 15 ದಿನದ ಔಷಧಿ, ಅಲ್ಲಿಗೆ ಮುಗಿಯಿತು. ಹಾಸಿಗೆ ಹಿಡಿದವರಿಗಾಗಿ ಕಟ್ಟಿದ ಯೋಜನೆಯನ್ನು ಪ್ರತಿ ತಿಂಗಳು ನಡೆದುಕೊಂಡು ಬಂದು ಮಾತ್ರೆ ಒಯ್ಯಬೇಕಾದವರಿಗೆ ಹೊಂದಿಸಲು ಹೋದರೆ ಆಗುವುದು ಇಷ್ಟೇ: ಲಕ್ಷದ ಆಪರೇಷನ್ನಿಗೆ ದುಡ್ಡು ಹುಟ್ಟುತ್ತದೆ, ನೂರರ ಮಾತ್ರೆಗೆ ಹುಟ್ಟುವುದಿಲ್ಲ. ಮಾತ್ರೆಯಲ್ಲೇ ತೃಪ್ತರಾಗಿ ಇರಬಹುದಾದವರೂ ಆಪರೇಷನ್ ಕಡೆಗೆ ವಾಲಿದರೆ ಅದಕ್ಕೆ ಹೊಣೆ ಯಾರು? ಆಪರೇಷನ್ನಿಗೆ ಮೊದಲು ದುಡ್ಡು ಹೊಂದಿಸುವ ಈ ಪರಿಪಾಟ ನಮ್ಮದೊಂದೇ ಅಲ್ಲ, ಕೇರಳ, ತಮಿಳುನಾಡುಗಳ ನೆರವೂ ಮುಖ್ಯವಾಗಿ ಶಸ್ತ್ರಚಿಕಿತ್ಸೆಯಿಂದಲೇ ಶುರುವಾದದ್ದು.

ಕಾಗದದ ಕಾಟ ಬೇರೆ. ಟಿಜಿ ಪ್ಲಸ್‌ಗೆ ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರ ಬೇಕು. ರಾಜ್ಯದ ಉಚಿತ ಚಿಕಿತ್ಸೆಗೆ ಬಿಪಿಎಲ್ ಕಾರ್ಡು ಬೇಕು. ರೇಷನ್ ಕಾರ್ಡು ಕುಟುಂಬದ ಹೆಸರಿನಲ್ಲಿರುತ್ತದೆ. ಮನೆಯಿಂದ ಹೊರಹಾಕಿಸಿಕೊಂಡವರ ಹೆಸರು ಇನ್ನೂ ಅಪ್ಪನ ಕಾರ್ಡಿನಲ್ಲಿ, ಹಳೇ ಹೆಸರಿನಲ್ಲಿ, ಹಳೇ ಲಿಂಗದಲ್ಲಿ ಕೂತಿರುತ್ತದೆ. ಅದನ್ನು ತೆಗೆಸಲು ಅಪ್ಪನೆದುರೇ ಹೋಗಿ ನಿಲ್ಲಬೇಕು.

ತಿಂಗಳ ಮಾತ್ರೆಯನ್ನು ಜೀವಮಾನವಿಡೀ ಪುಕ್ಕಟೆ ಕೊಡುವುದು ಸರ್ಕಾರದಿಂದ ಆಗದ ಕೆಲಸ ಎನ್ನುವವರು ಜಿಲ್ಲಾಸ್ಪತ್ರೆಯ ಎಆರ್‌ಟಿ ಕೇಂದ್ರವನ್ನು ನೋಡಿ ಬರಬೇಕು. 2004ರ ಏಪ್ರಿಲ್‌ನಿಂದ ಎಚ್‌ಐವಿ ಔಷಧಿಯನ್ನು ದೇಶದಲ್ಲಿ ಉಚಿತವಾಗಿ ಕೊಡುತ್ತಿದ್ದಾರೆ. ಆಪ್ತಸಮಾಲೋಚಕರಿದ್ದಾರೆ, ತಿಂಗಳಿಗೆ ಬರದಿದ್ದರೆ ಫೋನು ಮಾಡುತ್ತಾರೆ, ಗುಟ್ಟು ಕಾಪಾಡುತ್ತಾರೆ. ಟ್ರಾನ್ಸ್ ಮಹಿಳೆಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮುಖ ಪರಿಚಯವಿರುವ ಏಕೈಕ ಕೋಣೆ ಬಹಳ ಕಡೆ ಅದೇ. ಎಚ್‌ಐವಿ ಬಂದರೆ ಸಿಗುವ ಮರ್ಯಾದೆ ಬರುವ ಮೊದಲೂ ಸಿಗಬಾರದೇ? ವಿದೇಶಿ ದುಡ್ಡನ್ನು ನಂಬಿ ಕೂರುವಂತೆಯೂ ಇಲ್ಲ. ಹೈದರಾಬಾದಿನಲ್ಲಿ 2021ರಲ್ಲಿ ಅಮೆರಿಕದ ನೆರವಿನಿಂದ ಟ್ರಾನ್ಸ್ ಸಮುದಾಯಕ್ಕೆಂದೇ ತೆರೆದ ಮಿತ್ರ್ ಕ್ಲಿನಿಕ್ಕಿಗೆ, ಪುಣೆ, ಕಲ್ಯಾಣದ ಕ್ಲಿನಿಕ್ಕುಗಳಿಗೆ 2025ರ ಆರಂಭದಲ್ಲಿ ಬೀಗ ಬಿತ್ತು, ವಾಷಿಂಗ್ಟನ್ನಿನಲ್ಲಿ ಹೊಸ ಅಧ್ಯಕ್ಷರು ನೆರವು ತಡೆಹಿಡಿದದ್ದಕ್ಕೆ. ಹೈದರಾಬಾದಿನದು ಟಾಟಾ ಟ್ರಸ್ಟ್ಸ್ ನೆರವಿನಿಂದ ಬೇರೆ ಹೆಸರಿನಲ್ಲಿ ಮತ್ತೆ ತೆರೆಯಿತು, ಪುಣ್ಯ. ಅತ್ತ ಅರ್ಜೆಂಟೀನಾ 2012ರಲ್ಲೇ ಹಾರ್ಮೋನನ್ನು ಎಲ್ಲರಿಗೂ ಕೊಡಬೇಕಾದ ಕಡ್ಡಾಯ ಚಿಕಿತ್ಸೆಗಳ ಪಟ್ಟಿಗೆ ಕಾನೂನಿನಲ್ಲೇ ಸೇರಿಸಿತು. ಅದೇನೂ ಸಿರಿವಂತ ದೇಶವಲ್ಲ.

ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿಪಿ, ಶುಗರ್‌ನವರಿಗೆ ಮಾತ್ರೆ ಕೊಡುವ ಎನ್‌ಸಿಡಿ ಕ್ಲಿನಿಕ್ಕುಗಳಿವೆ. ಅಲ್ಲಿ ಬಿಪಿ ನೋಡುತ್ತಾರೆ, ರಕ್ತ ತೆಗೆಯುತ್ತಾರೆ, ಪುಸ್ತಕದಲ್ಲಿ ಬರೆದು ತಿಂಗಳ ಮಾತ್ರೆ ಪೊಟ್ಟಣ ಕಟ್ಟಿ ಕೊಡುತ್ತಾರೆ. ತಜ್ಞರು ಒಮ್ಮೆ ನೋಡಿ ಡೋಸು ನಿಗದಿ ಮಾಡಿದ ಮೇಲೆ ಮುಂದಿನದನ್ನು ಅಲ್ಲಿಯ ವೈದ್ಯರೇ ನಡೆಸಬಹುದು. ಸ್ಪೈರೊನೊಲ್ಯಾಕ್ಟೋನ್ ಹೃದ್ರೋಗಿಗಳಿಗೆಂದು ಸರ್ಕಾರಿ ಆಸ್ಪತ್ರೆಗಳಿಗೆ ಹೊಸದಲ್ಲ. ಈಸ್ಟ್ರಾಡಯೋಲ್, ಟೆಸ್ಟೋಸ್ಟೆರಾನ್ ಎರಡನ್ನೂ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಮೂಲಕ ತರಿಸಿ ತಾಲ್ಲೂಕಿನವರೆಗೆ ತಲುಪಿಸಲು ಹೊಸ ಕಾಯಿದೆಯ ಅಗತ್ಯವಿಲ್ಲ. ಬೇಕಿರುವುದು ಇಲಾಖೆಯ ಒಂದು ಇಂಡೆಂಟ್, ಇವನ್ನು ಬರೆದುಕೊಡಬಹುದು ಎಂದು ತಾಲ್ಲೂಕು ವೈದ್ಯರಿಗೆ ಹೇಳುವ ಒಂದು ಸುತ್ತೋಲೆ, ಮತ್ತು ಆ ನರ್ಸಮ್ಮನಿಗೆ ಅರ್ಧ ದಿನದ ತರಬೇತಿ.